ಪ್ಲಾಟಿನಂ ಗುಡ್ಡದಿಂದ ನಮ್ಮವರನ್ನು ಕರೆತಂದದ್ದು

ಶಹಾಪುರ

ನಮ್ಮವರನ್ನು ಮಣ್ಣು ಮಾಡಿ ಹನ್ನೊಂದು ತಿಂಗಳಾದ ಮೇಲೆ ನಾನು ದಕ್ಷಿಣ ಆಫ್ರಿಕಾಕ್ಕೆ ಹೊರಟೆ. ಶಹಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆಗೆ ಫಾಲ್ ಹಚ್ಚಿ ಪಿಕೋ ಹಾಕುವ ನನಗೆ ಅಲ್ಲಿಯವರೆಗೆ ಗೊತ್ತಿದ್ದ ದೂರದ ಊರು ಕಲಬುರಗಿ. ಅದನ್ನೂ ಆಸ್ಪತ್ರೆಯ ಬಾಗಿಲಿನಿಂದ ಆಚೆ ನೋಡಿರಲಿಲ್ಲ.

ನಮ್ಮವರು ಮೊದಲು ಬೋರ್‌ವೆಲ್ ಲಾರಿಯಲ್ಲಿದ್ದರು. ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಅವರು ಕೊರೆದ ಬೋರುಗಳು ಇವತ್ತಿಗೂ ನೀರು ಕೊಡುತ್ತಿವೆ. ಜೊತೆಗೆ ದುಡಿಯುತ್ತಿದ್ದವನು ಗೋಗಿಯ ಖಾಜಾ. ಇಬ್ಬರೂ ಒಂದೇ ದಿನ ಆಫ್ರಿಕಾಕ್ಕೆ ಹೋದರು. ಅಲ್ಲಿ ಕೊರೆಯುವುದು ನೀರಿಗಲ್ಲ, ಪ್ಲಾಟಿನಂ ಹುಡುಕುವುದಕ್ಕೆ ಎಂದಾಗ ಓಣಿಯವರು ನನ್ನ ಕಿವಿ ಕಡೆಗೆ ನೋಡಿದ್ದರು, ನಾಳೆಯೇ ಅಲ್ಲಿ ಏನೋ ಹೊಳೆಯಬಹುದೆಂಬಂತೆ.

ಎರಡನೇ ವರ್ಷದ ಮಳೆಗಾಲದಲ್ಲಿ ಅವರು ಓಡಿಸುತ್ತಿದ್ದ ಗಾಡಿ ಹಳ್ಳ ದಾಟುವಾಗ ಕೊಚ್ಚಿಹೋಯಿತು. ಖಾಜಾ ಪೆಟ್ಟಿಗೆಯ ಜೊತೆ ಬಂದ.

ನಮ್ಮ ಕಡೆ ಗಂಡುಮಗುವಿನ ಸೊಂಟಕ್ಕೆ ಉಡದಾರ ಕಟ್ಟುತ್ತಾರೆ. ಕರಿದಾರವೋ ಬೆಳ್ಳಿಯೋ, ಅದು ಉಸಿರಿರುವವರೆಗೂ ಮೈಮೇಲಿರಬೇಕು. ಮಣ್ಣಿಗಿಡುವ ಮುಂಚೆ ಹಿರಿಯರೊಬ್ಬರು ಅದನ್ನು ಹರಿದು ತೆಗೆಯುತ್ತಾರೆ. ಅಲ್ಲಿಗೆ ಈ ಮನೆಯ ಕಟ್ಟು ಹರಿಯಿತು ಎಂದು ಲೆಕ್ಕ. ಆ ದಿನ ನಮ್ಮವರ ಸೋದರಮಾವ ಬಟ್ಟೆಯೊಳಗೆ ಕೈ ಹಾಕಿ ಹುಡುಕಿದರು, ಮತ್ತೆ ಹುಡುಕಿದರು, ಕೊನೆಗೆ ಅತ್ತೆಯ ಮುಖ ನೋಡಿದರು. ಸೊಂಟ ಬರಿದಾಗಿತ್ತು.

ಆಸ್ಪತ್ರೆಯವರು ತೆಗೆದುಕೊಂಡಿರಬೇಕು ಎಂದು ಕೆಲವರು ಅಂದರು. ಆದರೆ ಮೈಮೇಲಿದ್ದ ಸಾಮಾನಿನ ಪಟ್ಟಿಯೊಂದು ಬಂದಿತ್ತು. ಬೆಲ್ಟು, ಬೂಟು, ಜೇಬಿನಲ್ಲಿದ್ದ ಪ್ಲಾಸ್ಟಿಕ್ ಬಾಚಣಿಕೆ ಎಲ್ಲ ಅದರಲ್ಲಿತ್ತು. ಮದುವೆಯ ಉಂಗುರ ಅಲ್ಲಿಂದ ಬಂದ ಟ್ರಂಕಿನಲ್ಲಿ, ಅಂಗಿಗಳ ನಡುವೆ ಸಿಕ್ಕಿತು. ಉಡದಾರ ಎಲ್ಲೂ ಇರಲಿಲ್ಲ.

ಅತ್ತೆ ಅವತ್ತು ರಾತ್ರಿ ಒಂದೇ ಮಾತು ಹೇಳಿದಳು. "ಜೀವ ಇದ್ದಾವ ಉಡದಾರ ತಗದಾನಂದ್ರ ನಮ್ಮನ್ನ ಬಿಟ್ಟೇ ಹೋಗ್ಯಾನ. ನೀರು ಅವನ್ನ ಒಯ್ದಿಲ್ಲ, ನಾಗಿ. ಅವನೇ ನೀರಿಗಿ ಹೋಗ್ಯಾನ."

ಅತ್ತೆಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ತೀರಿಕೊಳ್ಳುವ ಎಂಟು ದಿನ ಮೊದಲು ಅವರು ಫೋನ್ ಮಾಡಿ ದೀಪಾವಳಿಗೆ ಬರುವುದಿಲ್ಲ, ಕೆಲಸ ಉಳಿದಿದೆ ಎಂದಿದ್ದರು. ಯಾವ ಕೆಲಸ ಎಂದರೆ ಬಾಯಿ ಬಿಡಲಿಲ್ಲ. ನಾನು ಸಿಟ್ಟಿನಲ್ಲಿ, "ಬರಬ್ಯಾಡ್ರಿ. ಅಲ್ಲೇ ಇರ್ರಿ" ಎಂದು ಫೋನ್ ಇಟ್ಟಿದ್ದೆ.

ಖಾಜಾನನ್ನು ಕೇಳಬಹುದಿತ್ತು. ಆದರೆ ಗಂಡನ ಸೊಂಟದ ಮಾತನ್ನು ಪರಗಂಡಸಿನ ಹತ್ತಿರ ಹೇಗೆ ತೆಗೆಯುವುದು? ಅವನು ಮೂರು ಸಲ ಮನೆಗೆ ಬಂದ. ಮೂರು ಸಲವೂ ಚಹಾ ಕೊಟ್ಟು ಕಳಿಸಿದೆ.

ಕೆಲಸಕ್ಕೆ ವಾಪಸ್ ಹೋಗಿ ಮುಂದಿನ ರಜೆಗೆ ಊರಿಗೆ ಬಂದಾಗ, ನಾಲ್ಕನೇ ಸಲ, ಅವನೇ ಒಂದು ಮಾತು ತಂದ. ರಜೆ ಮುಗಿಸಿ ಹೊರಟವನು ಹೊಸ್ತಿಲಾಚೆಯೇ ನಿಂತು ತಲೆ ತುರಿಸಿಕೊಂಡ.

"ವೈನಿ, ಅಲ್ಲಿನ ಮಂದಿ ಒಂದು ಜಿದ್ದು ಹಿಡದಾರ. ಮಲ್ಲಣ್ಣ ಹೋದ ಹಳ್ಳದ ಆಚಿಗೆ ಹೊಸಾ ಹೋಲ್ ಹೊಡೀಬೇಕು. ಯಾವನೂ ಮಷಿನ್ ದಾಟಸವಲ್ಲ. 'ಅವನ ಮನ್ಯಾವ್ರು ಬಂದು ಅವನ್ನ ಕರಕೊಂಡು ಹೋಗ್ಲಿ, ಅಲ್ಲೀತನ ನಾವು ಆ ಜಾಗಾ ತುಳ್ಯಂಗಿಲ್ಲ' ಅಂತಾರ. ಕಂಪನ್ಯಾವ್ರು ಟಿಕೇಟ್ ಕಳಸ್ತಾರಂತ."

"ಮಣ್ಣು ಮಾಡೀವಲ್ಲೋ ತಮ್ಮ. ಇನ್ನ ಕರಕೊಂಡು ಬರಾದು ಏನು?"

"ಅದನ್ನ ನಾನೂ ಕೇಳಿದ್ನಿ. 'ನೀ ಒಯ್ದದ್ದು ಪೆಟಗಿ' ಅಂದ್ರು."

ಒಳಗಿನಿಂದ ಅತ್ತೆ ಅಂದಳು: "ಹೋಗಿ ನೋಡಿ ಬಾ. ಹೆಂಗ ಹೋದ ಅನ್ನಾದರ ತಿಳೀಲಿ."

ಮಗಳನ್ನು ಮುದನಾಳದ ತವರಲ್ಲಿ ಬಿಟ್ಟು ಖಾಜಾನ ಜೊತೆ ಹೊರಟೆ.

ಯಾದಗಿರಿಯಿಂದ ಮೇಲಕ್ಕೆ

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ನನ್ನ ಕೈಯಲ್ಲಿದ್ದದ್ದು ಒಂದು ಚೀಲ. ಮೇಲೆ ಎರಡು ಸೀರೆ, ಕೆಳಗೆಲ್ಲ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅದನ್ನು ಯಂತ್ರದೊಳಗೆ ತೂರಿಸಿದರು. ಪರದೆಯ ಮೇಲೆ ರೊಟ್ಟಿಗಳು ಒಂದರ ಮೇಲೊಂದು ಗುಂಡಗೆ ಕಾಣಿಸಿದವು. ಅಲ್ಲಿಯ ಹುಡುಗಿ ತೆಲುಗಿನವಳು, ನೋಡಿ ನಕ್ಕು ಬಿಟ್ಟಳು.

ನಗದವನು ಜೋಹಾನ್ಸ್‌ಬರ್ಗಿನವನು. ಎತ್ತರದ ಮನುಷ್ಯ, ಕೈಗೆ ನೀಲಿ ಗ್ಲೌಸು. ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದ. ಬೆರಳಿನಿಂದ ಬಡಿದ. ಟಣ್ ಎಂದಿತು. ಪಕ್ಕದವನಿಗೆ ಕೊಟ್ಟ, ಅವನೂ ಬಡಿದ.

"ಇದೇನು ಅಂತ ಕೇಳಾಕತ್ತಾನ" ಎಂದ ಖಾಜಾ.

"ರೊಟ್ಟಿ ಅನ್ನು."

"ಅಂದ್ನಿ. ರೊಟ್ಟಿ ಮೆತ್ತಗಿರ್ತದ ಅಂತಾನ."

ನಾನು ಆ ರೊಟ್ಟಿ ಇಸಿದುಕೊಂಡು ಮುರಿದು ಬಾಯಿಗೆ ಹಾಕಿಕೊಂಡೆ. ಕಟಕಟ ಸದ್ದಿಗೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು. ಒಂದು ಚೂರು ಅವನಿಗೂ ಚಾಚಿದೆ. ಕೆಲಸದ ಮೇಲಿದ್ದವನು ತಿನ್ನಬಾರದು ಎಂದು ಕೈಸನ್ನೆ ಮಾಡಿ ಚೀಲ ಮುಚ್ಚಿ ಕಳಿಸಿದ. ಚಟ್ನಿ ಡಬ್ಬಿಯನ್ನು ಮಾತ್ರ ಒಂದು ಸಲ ಮೂಸಿದ. ಕಣ್ಣಲ್ಲಿ ನೀರು ಬಂತು, ಅವನ ಕಣ್ಣಲ್ಲಿ. ಹನ್ನೊಂದು ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ತಪ್ಪು ಮಾಡಿದೆ ಅನ್ನಿಸಿ ಸೆರಗು ಸರಿಮಾಡಿಕೊಂಡೆ.

ಕರಿ ಗುಡ್ಡಗಳು

ಅಲ್ಲಿಂದ ನಮ್ಮವರು ದುಡಿಯುತ್ತಿದ್ದ ಕ್ಯಾಂಪಿಗೆ ಕಾರಿನಲ್ಲಿ ಅರ್ಧ ದಿನದ ದಾರಿ. ಮೊದಲು ಬಯಲು, ಮೆಕ್ಕೆಜೋಳದ ಹೊಲ. ಆಮೇಲೆ ಮುಳ್ಳುಗಿಡ, ಮೇಕೆ, ರಸ್ತೆ ಬದಿ ಟೊಮೆಟೊ ಹರವಿಕೊಂಡು ಕುಳಿತ ಹೆಂಗಸರು. ಸುರಪುರದ ದಾರಿಯಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಗುಡ್ಡಗಳು ಬಂದವು.

ನಮ್ಮ ಶಹಾಪುರದ ಗುಡ್ಡ ಬೂದಿ ಬಣ್ಣ. ದುಂಡು ಬಂಡೆಗಳನ್ನು ಯಾರೋ ಒಂದರ ಮೇಲೊಂದು ಇಟ್ಟು ಮರೆತಂತೆ. ಇಲ್ಲಿಯವು ಕರಿ. ರಸ್ತೆಗಾಗಿ ಗುಡ್ಡ ಕಡಿದ ಒಂದು ಕಡೆ ಕಲ್ಲು ಪಟ್ಟಾಪಟ್ಟಿಯಾಗಿತ್ತು. ಒಂದು ಕಪ್ಪು ಪಟ್ಟಿ, ಒಂದು ಬಿಳಿ ಪಟ್ಟಿ, ಮತ್ತೆ ಕಪ್ಪು. ಸೀರೆ ದಡಿ ನೇಯ್ದ ಹಾಗೆ ಗುಡ್ಡದ ಉದ್ದಕ್ಕೂ ಹೋಗಿತ್ತು. ಎಷ್ಟೋ ಸಾವಿರ ದಡಿಗಳನ್ನು ಕೈಯಲ್ಲಿ ಹಿಡಿದಿದ್ದೇನೆ, ಇಷ್ಟು ಉದ್ದದ್ದು ನೋಡಿರಲಿಲ್ಲ. ಕಾರು ನಿಲ್ಲಿಸು ಎಂದೆ. ಇಳಿದು ಹೋಗಿ ಮುಟ್ಟಿದೆ. ಬಿಸಿಲಿಗೆ ಸುಡುತ್ತಿತ್ತು.

ಕ್ಯಾಂಪಿನಲ್ಲಿ ನನ್ನನ್ನು ಎದುರುಗೊಂಡವಳು ಲೆರಾಟೊ. ಕಲ್ಲಿನ ಶಾಸ್ತ್ರ ಓದಿದ ಹುಡುಗಿ, ನಮ್ಮವರಿಗೆ ಸಾಹೇಬಳು ಅವಳೇ. ಮೂವತ್ತೂ ದಾಟಿರಲಿಕ್ಕಿಲ್ಲ. ನನ್ನ ಸೀರೆ ನೋಡಿ ಖಾಜಾನಿಗೆ ಏನೋ ಮೆಲ್ಲಗೆ ಕೇಳಿದಳು.

"ಗಂಡ ಸತ್ತು ವರ್ಷ ಆಗಿಲ್ಲ, ಕರೇ ಬಟ್ಟಿ ಯಾಕ ಹಾಕಿಲ್ಲ ಅಂತ ಕೇಳ್ತಾಳ."

"ನಮ್ಮ ಕಡೆ ಹಾಕಾದಲ್ಲ, ತಗಸೋದು ಅನ್ನು" ಎಂದೆ.

ಅವನು ಹೇಳಿದ. ಅವಳು ನನ್ನ ಬರಿ ಕೈ ನೋಡಿದಳು. ಒಳಗೆ ಹೋಗಿ ಒಂದು ಕಪ್ಪು ಶಾಲು ತಂದು ಹೆಗಲಿಗೆ ಹೊದಿಸಿದಳು. ನಮ್ಮಲ್ಲಿ ಬೋರ್ ಪೂಜೆಯ ದಿನ ವಿಧವೆಯರು ಕಾಯಿ ಒಡೆಯುವ ಕಡೆ ಸುಳಿಯುವುದಿಲ್ಲ. ಯಾರೂ ಬೈಯುವುದಿಲ್ಲ, ಅವರೇ ದೂರ ಉಳಿಯುತ್ತಾರೆ. ಇಲ್ಲಿ ಲಾರಿಯಷ್ಟು ದೊಡ್ಡ ಮಷಿನ್ ಒಂದು ನಾನು ಬರಲಿ ಎಂದು ಕಾಯುತ್ತ ನಿಂತಿತ್ತು.

ಊಟಕ್ಕೆ ಮೆಕ್ಕೆಜೋಳದ ಗಟ್ಟಿ ಹಿಟ್ಟು, ಸೊಪ್ಪು. ಎಲ್ಲರೂ ಕೈಯಲ್ಲೇ ಉಂಡರು. ನಮ್ಮ ಜೋಳದ ಸಂಗಟಿಗೆ ಅಣ್ಣನೋ ತಮ್ಮನೋ ಇರಬೇಕು. ನಾನು ಚಟ್ನಿ ಹಂಚಿದೆ. ಕಣ್ಣು ಒರೆಸಿಕೊಳ್ಳುತ್ತಲೇ ಮತ್ತೆ ಕೈ ಚಾಚಿದರು.

ಕೋರ್ ಶೆಡ್

ಮರುದಿನ ಬೆಳಿಗ್ಗೆ ಲೆರಾಟೊ ನಮ್ಮವರು ಕೆಲಸ ಮಾಡುತ್ತಿದ್ದ ಜಾಗ ತೋರಿಸುತ್ತೇನೆ ಎಂದಳು. ಹೋಗುವ ದಾರಿಯಲ್ಲಿ ಖಾಜಾ ತಿಳಿಸಿದ: ಕೊನೆಯ ಏಳೆಂಟು ತಿಂಗಳು ಅವರು ಕೊರೆಯುವ ಮಷಿನ್ ಮೇಲೆ ಇರಲಿಲ್ಲ. ಕೈ ಸ್ಥಿರ ಇದೆ ಎಂದು ಶೆಡ್ಡಿಗೆ ತೆಗೆದುಕೊಂಡಿದ್ದರು. ಖಾಜಾ ಗುಡ್ಡದ ಮೇಲೆ, ಅವರು ಶೆಡ್ಡಿನಲ್ಲಿ. ವಾರಕ್ಕೊಮ್ಮೆ ಭೇಟಿ.

ತಗಡಿನ ದೊಡ್ಡ ಶೆಡ್ಡು. ಬಾಗಿಲಲ್ಲೇ ಲೆರಾಟೊ ನನ್ನನ್ನು ತಡೆದಳು. ಕಿವಿ, ಕುತ್ತಿಗೆ, ಕೈ, ಕಾಲ್ಬೆರಳು ಮುಟ್ಟಿ ತೋರಿಸಿ ಬಿಚ್ಚುವ ಸನ್ನೆ ಮಾಡಿದಳು. ಬಿಚ್ಚಲು ನನ್ನ ಮೈಮೇಲೆ ಏನೂ ಇರಲಿಲ್ಲ. ಅದನ್ನೆಲ್ಲ ಊರಿನಲ್ಲೇ ಮಾಡಿ ಮುಗಿಸಿದ್ದರು. ಅವಳು ಬಿಡದೆ ನನ್ನ ಭುಜದ ಪಿನ್ನು ನೋಡಿ ಅದನ್ನೂ ತೆಗೆ ಎಂದಳು. ಸೆರಗಿನದು, ನೆರಿಗೆಯದು, ಒಟ್ಟು ಮೂರು ಪಿನ್ನು ತೆಗೆದುಕೊಟ್ಟು, ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡು ಒಳಗೆ ಹೋದೆ.

"ಇದ್ಯಾಕ?" ಎಂದು ಖಾಜಾನನ್ನು ಕೇಳಿದೆ.

ಲೆರಾಟೊ ಹೇಳಿದ್ದನ್ನು ಅವನು ಬಿಡಿಸಿ ಹೇಳಿದ. ಬಹಳ ಹಿಂದೆ, ಮನುಷ್ಯರೇ ಇಲ್ಲದ ಕಾಲದಲ್ಲಿ, ಕಾದು ಕರಗಿದ ಕಲ್ಲು ನೆಲದೊಳಗೆ ಬಂದು ನಿಂತಿತು. ಮೆಲ್ಲಗೆ ಆರಿತು. ಆರುವಾಗ ಭಾರದ ಕಾಳು ಕೆಳಗೆ, ಹಗುರದ್ದು ಮೇಲೆ, ಹೀಗೆ ಪದರ ಪದರವಾಗಿ ಕುಳಿತಿತು. ಗ್ಯಾಬ್ರೊ ಎಂಬ ಆ ಕರಿಗಲ್ಲಿನ ನೂರಾರು ಪದರದಲ್ಲಿ ಎಲ್ಲೋ ಒಂದರಲ್ಲಿ, ಗೇಣು ದಪ್ಪದ್ದರಲ್ಲೋ ಮೊಳ ದಪ್ಪದ್ದರಲ್ಲೋ ಪ್ಲಾಟಿನಂ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ.

ನನಗೆ ತಿಳಿಯಿತು. ಅಂಬಲಿ ಮಾಡಿ ಆರಲು ಬಿಟ್ಟರೆ ಗಟ್ಟಿ ಕೆಳಗೆ, ತಿಳಿ ಮೇಲೆ.

"ಎಷ್ಟಿರ್ತದ?"

"ಟ್ರ್ಯಾಕ್ಟರ್ ತುಂಬ ಕಲ್ಲು ಪುಡಿ ಮಾಡಿದ್ರ ನಾಕು ಕಡ್ಲಿಕಾಳಿನಷ್ಟು. ಅಷ್ಟಿದ್ರ ಇವ್ರು ಕುಣೀತಾರ. ಅದಕ್ಕೇ ಮೈಮ್ಯಾಲಿನ ಬಂಗಾರ, ಬೆಳ್ಳಿ ಒಂದು ಎಳಿಯಷ್ಟು ಕಲ್ಲಿಗಿ ಸವರಿದ್ರೂ ಲ್ಯಾಬಿನ ಹಿಸಾಬು ಸುಳ್ಳಾಗ್ತದ."

ಒಳಗೆ ತಗಡಿನ ತಟ್ಟೆಗಳಲ್ಲಿ ಕೋಲಿನಂತೆ ಗುಂಡಗಿನ ಕಲ್ಲುಗಳನ್ನು ಸಾಲಾಗಿ ಮಲಗಿಸಿದ್ದರು. ನೆಲದಾಳದಿಂದ ಮಷಿನ್ ಹೊರತೆಗೆದ ಕಲ್ಲು ಅದು, ಕೋರ್ ಎನ್ನುತ್ತಾರೆ. ನಮ್ಮವರ ಕೆಲಸ ಒಂದೊಂದನ್ನೂ ಉದ್ದಕ್ಕೆ ಸೀಳುವುದು. ಅರ್ಧ ಲ್ಯಾಬಿಗೆ, ಅರ್ಧ ತಟ್ಟೆಯಲ್ಲೇ. ಲೆರಾಟೊ ಒಂದು ತಟ್ಟೆ ತೋರಿಸಿ ಇದು ಅವರು ಕೊಯ್ದದ್ದು ಎಂದಳು. ಬೆರಳು ಇಟ್ಟು ನೋಡಿದೆ. ಕಲ್ಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಕೂದಲಿನಷ್ಟೂ ಸೊಟ್ಟ ಇರಲಿಲ್ಲ. ನಾನು ಸೀರೆ ಅಂಚು ಹೊಲಿಯುವಾಗ ಪಕ್ಕದಲ್ಲಿ ಕುಳಿತು, "ಅಲ್ಲಿ ಡೊಂಕಾತು ನೋಡು" ಎಂದು ಕಾಡುತ್ತಿದ್ದ ಮನುಷ್ಯ.

ಹೊರಗೆ ಬರುವಾಗ ಪಿನ್ನು ಇಸಿದುಕೊಳ್ಳಲು ತಿರುಗಿದೆ. ಬಾಗಿಲ ಪಕ್ಕ ಒಂದು ಹಲಗೆ, ಅದಕ್ಕೆ ಮೊಳೆಗಳು, ಮೊಳೆಗೊಂದು ನಂಬರು. ಒಂದರಲ್ಲಿ ಉಂಗುರ, ಒಂದರಲ್ಲಿ ಶಿಲುಬೆಯ ಸರ, ಒಂದರಲ್ಲಿ ಗಡಿಯಾರ. ಹನ್ನೊಂದನೇ ಮೊಳೆಯಲ್ಲಿ ನಮ್ಮವರ ಬೆಳ್ಳಿ ಉಡದಾರ ನೇತಾಡುತ್ತಿತ್ತು.

ಬೇರೆ ಯಾರದ್ದೋ ಇರಬಹುದು ಎಂದುಕೊಳ್ಳಲು ಆಗಲಿಲ್ಲ. ಮದುವೆಯ ವರ್ಷ ತುಂಡಾಗಿ, ಸುರಪುರದ ಪತ್ತಾರ ಕೂಡಿಸಿಕೊಟ್ಟ ಜಾಗದಲ್ಲಿ ಬೆಸುಗೆ ದಪ್ಪ ಇತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತೆ.

ಲೆರಾಟೊ ಗಾಬರಿಯಾಗಿ ನೀರು ತಂದಳು. ನಾನು ಹಲಗೆ ತೋರಿಸಿದೆ. ಅವಳು ಏನೋ ಉದ್ದಕ್ಕೆ ಹೇಳತೊಡಗಿದಳು. ಖಾಜಾ ಕಿವಿ ಕೆಂಪು ಮಾಡಿಕೊಂಡು ನಿಂತ.

"ವೈನಿ, ಇದು... ಸೊಂಟದ್ದಂತ. ನಾ ಹೆಂಗ ಹೇಳ್ಲಿ?"

"ಹೇಳು."

"ನಾ ಗ್ವಾಡಿ ಕಡಿ ಮಾರಿ ಮಾಡಿ ಹೇಳ್ತೀನಿ. ನೀವ ಕೇಳ್ರಿ."

ಹಾಗೇ ಗೋಡೆಗೆ ಮುಖ ಮಾಡಿ, ಅವಳ ಒಂದೊಂದೇ ಮಾತನ್ನು ಹೇಳಿದ.

ಶೆಡ್ಡಿಗೆ ಸೇರಿದ ದಿನ ಒಡವೆ ತೆಗೆಯಿರಿ ಎಂದಿದ್ದರು. ನಮ್ಮವರು ಉಂಗುರ ತೆಗೆದು ಟ್ರಂಕಿನಲ್ಲಿಟ್ಟರು. ಉಡದಾರ ತೆಗೆಯಲಿಲ್ಲ. ತೆಗೆಯಬೇಕೆಂದು ಹೊಳೆಯಲೂ ಇಲ್ಲ. ನಮ್ಮಲ್ಲಿ ಯಾರಿಗೆ ಹೊಳೆಯುತ್ತದೆ? ಅದು ಒಡವೆಯಲ್ಲ, ಮೈಯದೇ ಒಂದು ಭಾಗ. ಆಮೇಲೆ ಒಂದು ಸಲ ಲ್ಯಾಬಿನಿಂದ ಬಂದ ಲೆಕ್ಕದಲ್ಲಿ ನಾಲ್ಕಾರು ಕಲ್ಲು ಒಂದು ಸಲ ಒಂದು ಹೇಳಿದರೆ ಇನ್ನೊಂದು ಸಲ ಇನ್ನೊಂದು ಹೇಳಿದವು. ಯಾರ ಮೈಮೇಲೆ ಏನಿದೆ ಎಂದು ಎಲ್ಲರನ್ನೂ ಕೇಳಿದರು. ಎಲ್ಲರೂ ಏನೂ ಇಲ್ಲ ಎಂದರು. ನಮ್ಮವರು ಮುಂದೆ ಬಂದು ತಾವೇ ಅಂಗಿ ಎತ್ತಿ ತೋರಿಸಿದರು.

"ಅದರಿಂದಲೇ ಆತಂತೇನು?"

"ಇಲ್ಲ, ಅದು ಇವತ್ತಿನತನಾ ಗೊತ್ತಿಲ್ಲಂತ. ಈಕಿ ಬಿಡು ಅಂದಾಳ. ಮಲ್ಲಣ್ಣ ಕೇಳಿಲ್ಲ. 'ನಾ ಕೊಯ್ದದ್ದೆಲ್ಲಾ ಮತ್ತೊಮ್ಮಿ ನಾನೇ ಕೊಯ್ದು ಕೊಡ್ತೀನಿ, ಅದು ಮುಗೀತನಾ ಊರಿಗಿ ಹೋಗಂಗಿಲ್ಲ' ಅಂದಾನ."

ದೀಪಾವಳಿಗೆ ಉಳಿದ ಕೆಲಸ ಅದು.

"ದಿನಾ ಬೆಳಿಗ್ಗಿ ಬಂದು ಈ ಮೂಲ್ಯಾಗ ನಿಂತು ತಗೀತಿದ್ನಂತ. ಸಂಜಿಗಿ ಹೋಗಾಗ ಹಾಕ್ಕೋತಿದ್ನಂತ. ಆಗ ಎಲ್ಲಾರೂ ಆ ಕಡಿ ಮಾರಿ ಮಾಡಬೇಕು. ಮಾಡ್ಲಿಲ್ಲಂದ್ರ ಬೈತಿದ್ನಂತ, ನಮ್ಮ ಮಾತಿನ್ಯಾಗೇ. ಈಕಿಗೂ ಆ ಬೈಗಳಾ ಬರ್ತಾವಂತ."

ಲೆರಾಟೊ ಗಂಭೀರವಾಗಿ ಹೇಳಿದಳು: "ಆಕಡಿ ನೋಡ್ರಲೇ, ಹುಚ್ಚಪ್ಯಾಲಿಗೋಳ್ರ್ಯಾ."

ಗೋಡೆಯ ಕಡೆಯಿಂದ ಖಾಜಾನ ಬೆನ್ನು ಕುಲುಕಿತು. ನಕ್ಕನೋ ಅತ್ತನೋ ನನಗೆ ಕಾಣಲಿಲ್ಲ.

ಅವರು ತೀರಿಕೊಂಡ ದಿನ ಮಧ್ಯಾಹ್ನ ಗುಡ್ಡದ ಮೇಲಿನ ಮಷಿನ್ ಹತ್ತಿರ ತುಂಬಿದ ತಟ್ಟೆಗಳಿದ್ದವು, ಮಳೆ ಬರುವಂತಿತ್ತು. ಅವರೇ ತರುತ್ತೇನೆಂದು ಎದ್ದರು. ಒಂದು ತಾಸಿನಲ್ಲಿ ವಾಪಸ್ ಬಂದು ಮತ್ತೆ ಕೊಯ್ಯುವುದಿತ್ತು. ಮತ್ತೆ ತೆಗೆಯಬೇಕಲ್ಲ ಎಂದು ಉಡದಾರ ಮೊಳೆಯಲ್ಲೇ ಬಿಟ್ಟು ಹೋದರು.

ನಾನು ಎದ್ದು ಅದನ್ನು ಕೈಗೆ ತೆಗೆದುಕೊಂಡೆ. ಕೊಂಡಿ ಸರಿಯಾಗಿತ್ತು. ಎಲ್ಲೂ ಹರಿದಿರಲಿಲ್ಲ.

"ಇದನ್ನ ಯಾಕ ಕಳಸಲಿಲ್ಲ ಅಂತ ಕೇಳು."

ಅದಕ್ಕೆ ಲೆರಾಟೊ ಅಲ್ಲ, ಬಾಗಿಲಲ್ಲಿ ಬಂದು ನಿಂತಿದ್ದ ಸೆಲ್ಲೊ ಎಂಬ ಮುದುಕ ಉತ್ತರ ಕೊಟ್ಟ. ಕೊರೆಯುವವರಲ್ಲಿ ಎಲ್ಲರಿಗಿಂತ ಹಿರಿಯ ಅವನು. ನನ್ನನ್ನು ಕರೆಸಬೇಕೆಂದು ಹಟ ಹಿಡಿದವನೂ ಅವನೇ ಎಂದು ಖಾಜಾ ಹೇಳಿದ. ಸತ್ತವನ ಮೈಗೆ ಅಂಟಿದ್ದನ್ನು ಅವನ ಮನೆಯವರು ಮಾತ್ರ ಮುಟ್ಟಬೇಕು, ಪೋಸ್ಟಿನಲ್ಲಿ ಹಾಕುವ ವಸ್ತು ಅಲ್ಲ ಎಂದ ಮುದುಕ. ಅದಕ್ಕೇ ಹನ್ನೊಂದು ತಿಂಗಳು ಯಾರೂ ಆ ಮೊಳೆಯ ಕಡೆ ಕೈ ಚಾಚಿರಲಿಲ್ಲ. ನಾವು ಊರಲ್ಲಿ ಏನೇನೋ ಎಣಿಸುತ್ತ ಕುಳಿತಿದ್ದಾಗ ಇವರು ಮರ್ಯಾದೆಯಿಂದ ಅದನ್ನು ಮುಟ್ಟದೆ ಸುತ್ತಲಿನ ಧೂಳು ಮಾತ್ರ ಒರೆಸುತ್ತಿದ್ದರು.

ಅವತ್ತು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಮರುದಿನ ಬೆಳಕು ಹರಿದ ಮೇಲೆ ಎದ್ದೆ. ಲೆರಾಟೊ ಎರಡು ಸಲ ಬಂದು ಉಸಿರಾಡುತ್ತಿದ್ದೇನೆಯೇ ಎಂದು ನೋಡಿ ಹೋದಳಂತೆ.

ಹಳ್ಳ

ಹಳ್ಳದಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ. ಇಷ್ಟೇನಾ ಅನ್ನಿಸಿತು. ನಮ್ಮ ಭೀಮಾ ನದಿಯ ಮುಂದೆ ಇದು ಕಾಲುವೆ. ದಡದ ಮರಕ್ಕೆ ಆಳೆತ್ತರದಲ್ಲಿ ಹೊಸೆದುಕೊಂಡಿದ್ದ ಒಣಹುಲ್ಲು ತೋರಿಸಿ ಅವತ್ತು ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಖಾಜಾ ಹೇಳಿದ.

ಸೆಲ್ಲೊ ಒಂದು ಮುಳ್ಳು ಮರದ ಟೊಂಗೆ ಮುರಿದು ತಂದ. ನೋಡಿದರೆ ನಮ್ಮ ಬಾರಿಗಿಡದ ಬಳಗ. ಅದೇ ಎಲೆ, ಅದೇ ಮುಳ್ಳು, ಒಂದು ನೆಟ್ಟಗೆ, ಒಂದು ಕೊಕ್ಕೆ. ಸಣ್ಣವಳಿದ್ದಾಗ ಮುದನಾಳದ ಹೊಲದ ಬದುವಿನಲ್ಲಿ ಬಾರಿಹಣ್ಣು ಕೀಳುವಾಗ ಲಂಗ ಹರಿಸಿಕೊಂಡದ್ದು ಈ ಜಾತಿಯ ಮುಳ್ಳಿಗೇ. ಅದನ್ನು ನನ್ನ ಕೈಗೆ ಕೊಟ್ಟು ಮುದುಕ ಹೇಳಿದ: ಅವನು ಬಿದ್ದ ಜಾಗಕ್ಕೆ ಇದನ್ನು ಮುಟ್ಟಿಸು. ಅವನಿಗೆ ತಿಳಿಯುವ ಮಾತಿನಲ್ಲಿ ಕರೆ. ಇಲ್ಲಿಯ ಮಾತು ಅವನಿಗೆ ಚೆನ್ನಾಗಿ ಬರುತ್ತಿರಲಿಲ್ಲ, ನಾವು ಎಷ್ಟು ಕರೆದರೂ ಎದ್ದಿರಲಿಕ್ಕಿಲ್ಲ. ಕರೆದ ಮೇಲೆ ಮನೆ ಮುಟ್ಟುವವರೆಗೂ ಬೇರೆಯವರ ಜೊತೆ ಮಾತಾಡಬೇಡ. ಅವನು ನಿನ್ನ ಹಿಂದೆ ಬರುತ್ತಿರುತ್ತಾನೆ, ಮಾತಿನಲ್ಲಿ ನೀನು ಅವನನ್ನು ಮರೆಯಬಾರದು.

ಉಡದಾರ ಸಿಗುವ ಮುಂಚೆ ಇದನ್ನು ಹೇಳಿದ್ದರೆ ನನ್ನ ನಾಲಗೆ ಏಳುತ್ತಿರಲಿಲ್ಲ. ತಾನಾಗಿ ಹೋದವನನ್ನು ಬಾ ಎನ್ನಲು ಯಾವ ಮುಖ? ಈಗ ನೀರಿಗಿಳಿದು, ಟೊಂಗೆಯನ್ನು ಕಲ್ಲಿಗೆ ಮುಟ್ಟಿಸಿ, ಎತ್ತರದ ದನಿಯಲ್ಲೇ ಕರೆದೆ.

"ರೀ. ನಾ ಬಂದೀನಿ. ಆವತ್ತು ಸಿಟ್ನ್ಯಾಗ ಅಂದ್ನಿ, ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ. ಕೆಲಸ ಮುಗದಾದಂತ, ಉಳಿದದ್ದು ನಿಮ್ಮ ಸಾಹೇಬಳೇ ಮಾಡಿಸ್ಯಾಳಂತ. ಏಳ್ರಿ, ಮನಿಗಿ ಹೋಗೂಣು."

ದಡದಲ್ಲಿ ನಿಂತವರೆಲ್ಲ ಟೋಪಿ ತೆಗೆದರು. ಕಾರಿನ ಮುಂದಿನ ಸೀಟಿನಲ್ಲಿ ಟೊಂಗೆಯನ್ನಿಟ್ಟು ಸೆಲ್ಲೊ ಅದಕ್ಕೆ ಬೆಲ್ಟು ಹಾಕಿದ. ದಾರಿಯುದ್ದಕ್ಕೂ ಡ್ರೈವರ್ ಅದರ ಜೊತೆ ಮಾತಾಡಿದ. ಇಲ್ಲಿ ತಿರುವು, ಇಲ್ಲಿ ಹೊಳೆ, ಗಟ್ಟಿ ಕೂತುಕೋ. ನಾವು ಹೊರಡುವಾಗ ಹಿಂದೆ ಮಷಿನ್ ಹಳ್ಳಕ್ಕೆ ಇಳಿಯುವ ಸದ್ದು ಕೇಳಿಸಿತು.

ಟೊಂಗೆಯನ್ನು ವಿಮಾನದಲ್ಲಿ ಬಿಡುವುದಿಲ್ಲ ಎಂಬುದು ನಿಲ್ದಾಣ ಮುಟ್ಟಿದ ಮೇಲೆ ಖಾಜಾನಿಗೆ ನೆನಪಾಯಿತು. ಸೆಲ್ಲೊನಿಗೆ ಫೋನ್ ಹಚ್ಚಿದ. ಮುದುಕ ಸ್ವಲ್ಪ ಯೋಚಿಸಿ ಹೇಳಿದನಂತೆ: "ಗಿಡವನ್ನು ಗಿಡದ ಬುಡದಲ್ಲಿಡಿ. ಇನ್ನು ವಿಮಾನ ಹತ್ತಬೇಕು ಎಂದು ಅವನಿಗೆ ಹೇಳಿ. ಬರುವಾಗ ಹತ್ತಿ ಬಂದವನೇ ಅಲ್ಲವೇ?" ಗಾಡಿ ನಿಲ್ಲಿಸುವ ಜಾಗದಲ್ಲಿದ್ದ ಒಂದು ಮರದ ಕೆಳಗೆ ಇಟ್ಟೆವು. ನಾನು ಮನಸ್ಸಿನಲ್ಲೇ ಹೇಳಿದೆ. ಖಾಜಾ ತನ್ನ ಪದ್ಧತಿಯಂತೆ ಎರಡೂ ಕೈ ಎತ್ತಿ ದುವಾ ಮಾಡಿದ.

ಮಾತಾಡದ ಹೆಂಗಸು

ವಾಪಸ್ ನಾನು ಒಬ್ಬಳೇ. ಒಬ್ಬಳೇ ಎಂದು ನಿಲ್ದಾಣದವರು ತಿಳಿದುಕೊಂಡರು. ವಿಮಾನ ಬದಲಿಸುವ ಅರಬ್ಬರ ಊರಿನಲ್ಲಿ ಒಬ್ಬಳು ಬಂದು ಎಲ್ಲಿಗೆ ಎಂದು ಕೇಳಿದಳು. ಟಿಕೇಟು ತೋರಿಸಿದೆ. ಹಿಂದಿಯಲ್ಲಿ ಕೇಳಿದಳು, ಉರ್ದುವಿನಲ್ಲಿ ಕೇಳಿದಳು. ಶಹಾಪುರದವಳಿಗೆ ಎರಡೂ ತಿಳಿಯುತ್ತವೆ. ಆದರೆ 'ಹ್ಞೂಂ' ಅನ್ನುವುದೂ ಮಾತೇ ಅಲ್ಲವೇ? ತಲೆ ಮಾತ್ರ ಆಡಿಸಿದೆ. ಅವಳು ಅಯ್ಯೋ ಪಾಪ ಎಂಬ ಮುಖ ಮಾಡಿ ಓಡಿಹೋಗಿ ಗಾಲಿಕುರ್ಚಿ ತಂದಳು. ಮೂಕಿ, ಮೇಲೆ ಕಪ್ಪು ಶಾಲು ಬೇರೆ. ಬೇಡ ಎನ್ನಲು ಬಾಯಿ ಬಿಡುವಂತಿರಲಿಲ್ಲ. ಕುಳಿತೆ.

ಕನ್ನಡಿಯಂಥ ನೆಲದ ಮೇಲೆ ಅಷ್ಟು ದೊಡ್ಡ ನಿಲ್ದಾಣವನ್ನೆಲ್ಲ ನನ್ನನ್ನು ತಳ್ಳಿಕೊಂಡು ಹೋದರು. ಸಾಲುಗಳೆಲ್ಲ ಪಕ್ಕಕ್ಕೆ ಸರಿದವು. ಜನ್ಮದಲ್ಲಿ ಯಾರೂ ನನ್ನನ್ನು ಹೀಗೆ ಕೂರಿಸಿಕೊಂಡು ಹೋಗಿರಲಿಲ್ಲ. ನಮ್ಮವರು ಹಿಂದೆ ಓಡೋಡಿ ಬರುತ್ತಿರಬೇಕು, ಅವರಿಗೂ ಒಂದು ಕುರ್ಚಿ ಕೇಳಬೇಕಿತ್ತು ಅನ್ನಿಸಿತು. ಬರುವ ನಗುವನ್ನು ಶಾಲಿನಲ್ಲಿ ಮುಚ್ಚಿಕೊಂಡೆ. ತಳ್ಳುವವಳು ನಾನು ಅಳುತ್ತಿದ್ದೇನೆಂದು ಭುಜ ತಟ್ಟಿದಳು.

ಮತ್ತೆ ಶಹಾಪುರ

ಅತ್ತೆ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನು ಚೀಲ ಇಳಿಸಿ, ಹೊಸ್ತಿಲಿನ ಎರಡೂ ಕಡೆ ಜಾಗ ಬಿಟ್ಟು ನಿಂತು, ಮನಸ್ಸಿನಲ್ಲೇ ಒಳಗೆ ಬರ್ರಿ ಎಂದೆ. ಆಮೇಲೆ ಎರಡು ದಿನದ ಬಾಯಿ ಬಿಚ್ಚಿದೆ. ಉಡದಾರವನ್ನು ಅತ್ತೆಯ ಮೊರದ ಮೇಲಿಟ್ಟು ಎಲ್ಲ ಹೇಳಿದೆ. ಫೋನಿನಲ್ಲಿ ನಾನು ಅಂದದ್ದನ್ನೂ ಹೇಳಿದೆ.

ಅತ್ತೆ ಕೊಂಡಿಯನ್ನು ಹೆಬ್ಬೆರಳಿನಿಂದ ತೀಡಿ ತೀಡಿ ನೋಡಿದಳು.

"ಸಂಜಿಗಿ ಹಾಕ್ಕೋತಿದ್ನಂತ?"

"ದಿನಾ."

"ಆ ಹುಚ್ಚ ಇದನ್ನ ನನಗ ಯಾಕ ಹೇಳಲಿಲ್ಲ?"

"ನೀವ ಬೈತೀರಂತ ಅಂಜಿರಬೇಕ್ರಿ ಅತ್ತಿ."

"ಬೈತಿದ್ನಿ. ಯಾಕ ಬಿಡ್ತೀನಿ? ಬೈಸಿಕೊಂಡು ಬದುಕಬೇಕಾಗಿತ್ತು."

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಕಾಲು ಚಾಚಿ, ಎದೆ ಬಡಿದುಕೊಂಡು ಹಾಡತೊಡಗಿದಳು.

"ಕಲ್ಲ ಕೊಯ್ಯಾಕ ಹೋದೆಲ್ಲೋ ನನ್ನ ಮಲ್ಲಾ, ಕರಿ ಗುಡ್ಡದಾಗ ನಿನ್ನ ಕೂಗವ್ರು ಯಾರಿದ್ರೋ ನನ್ನಪ್ಪಾ..."

ನಮ್ಮಲ್ಲಿ ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರೆ. ಮಣ್ಣು ಮಾಡಿದ ದಿನ ಅತ್ತೆ ಹಾಡಿರಲಿಲ್ಲ. ಬಿಟ್ಟು ಹೋದವನಿಗೆ ಯಾವ ಹಾಡು ಎಂದು ಹಲ್ಲು ಕಚ್ಚಿ ಕುಳಿತಿದ್ದಳು. ಈಗ ಹುಟ್ಟಿದ್ದು, ನಡೆದದ್ದು, ಬೋರಿನ ಲಾರಿ ಹತ್ತಿದ್ದು ಎಲ್ಲ ಒಂದೊಂದಾಗಿ ಬಂತು. ನಾನು ತಡೆಯಲಿಲ್ಲ. ಪಕ್ಕದಲ್ಲಿ ಕುಳಿತೆ. ನಡುವೆ ಅತ್ತೆ ಉಸಿರು ತೆಗೆದುಕೊಳ್ಳುವಾಗ ನನಗೂ ಒಂದು ಸಾಲು ಬಂತು.

ಸದ್ದು ಕೇಳಿ ಪಕ್ಕದ ಮನೆಯ ರಜಿಯಾ ಓಡಿಬಂದಳು. ಕೈಯೆಲ್ಲ ಹಿಟ್ಟು.

"ಏನಾತ್ರಿ ನಾಗಕ್ಕ? ಯಾರು ತೀರಿಕೊಂಡ್ರು?"

"ನಮ್ಮ ಮನ್ಯಾವ್ರು" ಎಂದೆ.

ಅವಳು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಚಪ್ಪಲಿ ಹೊರಗೆ ಬಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅತ್ತೆಯ ಮಗ್ಗುಲಲ್ಲಿ ಕುಳಿತಳು.